ಅಜ್ಜನ ಅಡಗಲ್ಲಿನ ಊರು ಯಾವುದು?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಜ್ಜ ಕಮ್ಮಾರರು. ಅಪ್ಪನ ಕಾಲಕ್ಕೆ ಕುಲುಮೆ ನಿಂತುಹೋಯಿತು. ತಿದಿ ಹರಿದುಹೋಗಿದೆ, ಇಕ್ಕಳ ಸುತ್ತಿಗೆಗಳನ್ನು ಯಾರ್ಯಾರೋ ಒಯ್ದರು, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಗಲ್ಲು ಮಾತ್ರ ಹಿತ್ತಲಲ್ಲೇ ಕೂತಿದೆ. ಒಂದು ತುದಿಗೆ ಕೊಂಬು, ಇನ್ನೊಂದು ತುದಿಗೆ ಚೌಕ ಬಾಲ, ಬಾಲದ ಮೇಲೆ ಒಂದು ಚೌಕ ತೂತು, ಒಂದು ದುಂಡು ತೂತು. ಅಜ್ಜ ಅದನ್ನು ಹುಬ್ಬಳ್ಳಿಯಿಂದ ಚಕ್ಕಡಿಯಲ್ಲಿ ತಂದಿದ್ದರಂತೆ. ಮೈಮೇಲೆ ಇಂಗ್ಲಿಷ್ ಅಕ್ಷರಗಳಿವೆ, ಅರ್ಧಂಬರ್ಧ ಕಾಣುತ್ತವೆ. ಮೊದಲ ಸಾಲಿನಲ್ಲಿ ಟಿ, ಇ, ಆರ್. ಎರಡನೆಯದರಲ್ಲಿ ಡಬ್ಲ್ಯು, ಆರ್, ಐ. ಮೂರನೆಯದರಲ್ಲಿ ಟಿ, ಇ, ಎನ್, ಟಿ. ಕೆಳಗೆ ಬಳೆಯಂಥ ಒಂದು ಗುರುತು, ಅದರ ಒಳಗೆ ಎಲ್, ಐ, ಡಿ. ಸೊಂಟದ ಹತ್ತಿರ ದೂರ ದೂರ 1, 1, 17 ಅಂತ ಅಂಕಿಗಳು. ಇನ್ನೊಂದು ಬದಿಗೆ ಎಂ, ಎಸ್, ಎಂ ಎಂದು ಉಳಿಯಿಂದ ಹೊಡೆದ ಹಾಗಿದೆ. ಸೊಸೈಟಿಯ ತಕ್ಕಡಿಯಲ್ಲಿ ತೂಗಿಸಿದೆವು, 70 ಕಿಲೋ ಮೇಲೆ ಸ್ವಲ್ಪ ಬಂತು. ಇದನ್ನು ಮಾಡಿದವರು ಯಾರು? ಯಾವ ದೇಶದ್ದು? 1917ರದ್ದು ಎಂದು ಮಗ ಹೇಳುತ್ತಾನೆ, ಹೌದಾ? ಗುಜರಿಯವನು ಕಬ್ಬಿಣದ ರೇಟಿಗೆ ಕೇಳುತ್ತಿದ್ದಾನೆ. ಗ್ರೈಂಡರ್ ಹಿಡಿದು ಚೊಕ್ಕ ಮಾಡಿಸಿದರೆ ಒಳ್ಳೆ ಬೆಲೆ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಯಾರಾದರೂ ಗ್ರೈಂಡರ್ ತಂದಿರಬಹುದು. ದಯವಿಟ್ಟು ಮುಟ್ಟಿಸಬೇಡಿ. ಮೇಲ್ಮೈಗೂ ಬೇಡ, ಪಕ್ಕಕ್ಕೂ ಬೇಡ. ನಮ್ಮ ತಾತನ ಅಡಗಲ್ಲಿಗೂ ಹೀಗೇ ಆಯಿತು. ಪೇಟೆಯ ಒಂದು ವರ್ಕ್‌ಶಾಪಿಗೆ ಮರದ ಕೊರಡಿಗೆ ಕೂರಿಸಿಕೊಡಿ ಎಂದು ಕೊಟ್ಟಿದ್ದೆವು. ವಾಪಸ್ ಬಂದಾಗ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಪಕ್ಕದಲ್ಲಿದ್ದ ಅಕ್ಷರ ಒಂದೂ ಉಳಿದಿರಲಿಲ್ಲ. ಅದು ಎಲ್ಲಿಂದ ಬಂದದ್ದು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ನಿಮ್ಮ ಪತ್ರ ಓದುವಾಗ ಅದೇ ನೆನಪಾಗಿ ಸಂಕಟವಾಯಿತು. ನಿಮ್ಮದು ಇನ್ನೂ ಮಾತಾಡುತ್ತಿದೆ, ಅದರ ಬಾಯಿ ಮುಚ್ಚಿಸಬೇಡಿ.

ಈಗ ಹೆಸರಿಗೆ ಬರೋಣ. ನೀವು ಬರೆದಿರುವ ಅಕ್ಷರಗಳನ್ನು ಪೂರ್ತಿ ಮಾಡಿದರೆ ಮೊದಲ ಸಾಲು ಪೀಟರ್, ಎರಡನೆಯದು ರೈಟ್, ಮೂರನೆಯದು ಪೇಟೆಂಟ್. ಬಳೆಯ ಒಳಗೆ ಇರುವುದು ‘ಸಾಲಿಡ್ ರಾಟ್’, ಅಂದರೆ ಪೂರ್ತಿ ಬಡಿದು ಮಾಡಿದ ಕಬ್ಬಿಣ, ಎರಕ ಹೊಯ್ದದ್ದಲ್ಲ ಎಂದು. ಬಳೆಯ ಮೇಲಿನ ಅರ್ಧಕ್ಕೆ ಸಾಲಿಡ್, ಕೆಳಗಿನ ಅರ್ಧಕ್ಕೆ ರಾಟ್ ಎಂದು ಒತ್ತಿರುತ್ತಾರೆ. ಇದು ಇಂಗ್ಲೆಂಡಿನ ಡಡ್ಲಿ ಪಟ್ಟಣದ ಪೀಟರ್ ರೈಟ್ ಕಾರ್ಖಾನೆಯ ಗುರುತು. ಅದೇ ಕಡೆ ಹೆನ್ರಿ ರೈಟ್ ಎಂಬ ಹೆಸರಿನ ಅಡಗಲ್ಲುಗಳೂ ತಯಾರಾಗುತ್ತಿದ್ದವು, ಹಾಗಾಗಿ ಬರೀ ‘ರೈಟ್’ ಕಂಡ ಕೂಡಲೇ ತೀರ್ಮಾನ ಮಾಡಬಾರದು. ಆದರೆ ನಿಮ್ಮದರಲ್ಲಿ ಮೊದಲ ಹೆಸರಿನ ಕೊನೆಯ ಮೂರು ಅಕ್ಷರ ಉಳಿದಿವೆ, ಜೊತೆಗೆ ಪೇಟೆಂಟ್ ಇದೆ, ಬಳೆ ಇದೆ. ಇಷ್ಟು ಸಾಕು.

ಮನಸ್ಸಿಗೆ ಇನ್ನೂ ಅನುಮಾನ ಇದ್ದರೆ ಪಾದಗಳನ್ನು ನೋಡಿ. ಕೊಂಬಿನ ಕಡೆಯ ಮತ್ತು ಬಾಲದ ಕಡೆಯ ಪಾದದ ಮೇಲೆ ಬೆರಳಗಲದ ಸಣ್ಣ ಚಪ್ಪಟೆ ಮೆಟ್ಟಿಲು ಇರಬೇಕು, ಕಟ್ಟೆಯ ಅಂಚಿನ ಹಾಗೆ. ಪೀಟರ್ ರೈಟ್ ಅಡಗಲ್ಲುಗಳಲ್ಲಿ ಈ ಕಟ್ಟೆ ಇರುತ್ತದೆ. ಶೆಫೀಲ್ಡಿನ ಮೌಸ್‌ಹೋಲ್ ಕುಲುಮೆಯವು ಕೂಡ ಅಷ್ಟೇ ಹೆಸರುವಾಸಿ, ಕೆಲವುಗಳ ಮೇಲೆ ಇಲಿಯ ಚಿತ್ರವನ್ನೇ ಒತ್ತಿರುತ್ತಾರೆ, ಆದರೆ ಅವುಗಳ ಪಾದ ಇಂಥ ಕಟ್ಟೆ ಇಲ್ಲದೆ ಇಳಿಜಾರಾಗಿ ಹೋಗುತ್ತದೆ. ಹೆಸರು ಸವೆದುಹೋದರೂ ಮೈಕಟ್ಟು ಸವೆಯುವುದಿಲ್ಲ.

1, 1, 17 ಇಸವಿ ಅಲ್ಲ. ನಿಮ್ಮ ಮಗ ಒಬ್ಬನೇ ಅಲ್ಲ, ಬಹಳ ಜನ ಇಲ್ಲೇ ಎಡವುತ್ತಾರೆ. ಅದು ತೂಕ. ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ ಒಂದು ಹಂಡ್ರೆಡ್‌ವೇಟ್ ಅಂದರೆ 112 ಪೌಂಡು, ಹೆಸರಿನಲ್ಲಿ ನೂರು ಇದ್ದರೂ. ಅದರ ಕಾಲು ಭಾಗ 28 ಪೌಂಡು. ಮೊದಲ ಅಂಕಿ ಹಂಡ್ರೆಡ್‌ವೇಟ್ ಎಷ್ಟು, ನಡುವಿನದು ಕಾಲು ಎಷ್ಟು, ಕೊನೆಯದು ಬಿಡಿ ಪೌಂಡು ಎಷ್ಟು ಎಂದು ಹೇಳುತ್ತವೆ. ನಿಮ್ಮದಕ್ಕೆ 112, ಅದಕ್ಕೆ 28, ಅದಕ್ಕೆ 17 ಸೇರಿಸಿದರೆ 157 ಪೌಂಡು. ಕಿಲೋ ಲೆಕ್ಕದಲ್ಲಿ 71. ಸೊಸೈಟಿಯ ತಕ್ಕಡಿ ಏನು ಹೇಳಿತು? 70ರ ಮೇಲೆ ಸ್ವಲ್ಪ. ನೂರು ವರ್ಷ ಸಮ್ಮಟಿಗೆಯ ಏಟು ತಿಂದು, ಮಳೆಯಲ್ಲಿ ನೆನೆದು, ಅಷ್ಟು ಸವೆದಿದೆ ಅಷ್ಟೇ. ಇಂಥ ಅಂಕಿಗಳನ್ನು ಗುರುತು ಹಿಡಿಯಲು ಒಂದು ಸುಲಭದ ದಾರಿ ಇದೆ. ನಡುವಿನ ಅಂಕಿ 3 ದಾಟಬಾರದು, ಯಾಕೆಂದರೆ ನಾಲ್ಕು ಕಾಲು ಸೇರಿದರೆ ಮತ್ತೊಂದು ಹಂಡ್ರೆಡ್‌ವೇಟ್ ಆಗಿಬಿಡುತ್ತದೆ. ಕೊನೆಯದು 27 ದಾಟಬಾರದು. ಈ ಎರಡೂ ಸರಿ ಇದ್ದು ತಕ್ಕಡಿಯೂ ಹೌದು ಅಂದರೆ ಅದು ಇಂಗ್ಲಿಷ್ ಪದ್ಧತಿಯ ತೂಕ ಎಂದು ಧೈರ್ಯವಾಗಿ ಹೇಳಬಹುದು. ಅಮೆರಿಕದವರು ಸುಮ್ನೆ ಪೌಂಡಿನಲ್ಲೇ ಒಂದು ಸಂಖ್ಯೆ ಹಾಕುತ್ತಿದ್ದರು, ಯುರೋಪಿನ ಉಳಿದ ಕಡೆ ಕಿಲೋ ಜಾಸ್ತಿ.

ಡಡ್ಲಿ ಇರುವುದು ಬರ್ಮಿಂಗ್‌ಹ್ಯಾಮಿನ ಪಕ್ಕದಲ್ಲಿ. ಆ ಸೀಮೆಗೆ ಕಪ್ಪು ನಾಡು ಎಂದೇ ಹೆಸರು. ನೆಲದಡಿ ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣದ ಕಲ್ಲು ಮೂರೂ ಒಟ್ಟಿಗೆ ಸಿಗುತ್ತಿದ್ದ ಜಾಗ, ಮೇಲೆ ಸದಾ ಹೊಗೆ. ಮೊಳೆ, ಸರಪಳಿ, ಲಂಗರು ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ಟೈಟಾನಿಕ್ ಹಡಗಿನ ದೊಡ್ಡ ಲಂಗರು ಕೂಡ ಡಡ್ಲಿಗೆ ಸೇರಿದ ನೆದರ್ಟನ್‌ನಲ್ಲೇ 1911ರಲ್ಲಿ ಆದದ್ದು, ಅದನ್ನು ರೈಲು ನಿಲ್ದಾಣಕ್ಕೆ ಎಳೆಯಲು 20 ಕುದುರೆ ಕಟ್ಟಿದ್ದರು. ನಿಮ್ಮ ಅಜ್ಜ ಕುಡುಗೋಲು, ಗುಳ ಬಡಿಯುತ್ತಿದ್ದ ಅಡಗಲ್ಲು ಆ ಊರಿನದು.

ಅದನ್ನು ಹೇಗೆ ಮಾಡಿದರು ಎನ್ನುವುದೂ ನಿಮ್ಮ ಹಿತ್ತಲಲ್ಲೇ ಬರೆದಿದೆ. ಕೊಂಬಿನ ಕೆಳಗೆ ಸೊಂಟದಲ್ಲಿ ಒಂದು, ಬಾಲದ ಕೆಳಗೆ ಒಂದು, ಮಗುಚಿ ಹಾಕಿದರೆ ತಳದಲ್ಲಿ ಒಂದು, ಹೀಗೆ ಹೆಬ್ಬೆರಳು ಹೋಗುವಷ್ಟು ಚೌಕ ಗುಳಿಗಳು ಇರುತ್ತವೆ. ಕೆಲವರು ಅವನ್ನು ಏಟಿನ ಗಾಯ ಅಂದುಕೊಂಡು ಸಿಮೆಂಟು ತುಂಬುತ್ತಾರೆ, ಹಾಗೆ ಮಾಡಬೇಡಿ. ಕೆಂಪಗೆ ಕಾದ ಅಷ್ಟು ದೊಡ್ಡ ಮುದ್ದೆಯನ್ನು ಇಕ್ಕಳದಲ್ಲಿ ಹಿಡಿಯಲು ಆಗುತ್ತಾ? ಆ ಗುಳಿಗೆ ಉದ್ದದ ಕಬ್ಬಿಣದ ಸರಳು ತೂರಿಸಿ, ಸರಪಳಿಗೆ ತೂಗಿಬಿಟ್ಟು, ನಾಲ್ಕಾರು ಜನ ಸೇರಿ ತಿರುಗಿಸುತ್ತಿದ್ದರು. ಮೈಯೆಲ್ಲ ಬಡಿದ ಮೆದು ಕಬ್ಬಿಣ, ಮೇಲೆ ಮಾತ್ರ ಒಂದು ಉಕ್ಕಿನ ಹಲಗೆ, ಅದನ್ನು ಬೆಂಕಿಯಲ್ಲೇ ಬೆಸೆಯುತ್ತಿದ್ದರು. ಕೊನೆಗೆ ಹದ ಹಾಕುವುದು, ಅಂದರೆ ಕಾದ ಉಕ್ಕನ್ನು ಬೇಗ ತಣಿಸಿ ಗಟ್ಟಿ ಮಾಡುವುದು. ನಮ್ಮ ಕುಲುಮೆಯಲ್ಲಿ ಮಚ್ಚಿಗೆ ಹದ ಹಾಕಲು ಒಂದು ಕಲ್ಲಿನ ಬಾನಿ ನೀರು ಸಾಕು, ಆದರೆ ಇಷ್ಟು ದೊಡ್ಡದು ಒಂದು ಸಲಕ್ಕೆ ತಣಿಯುವುದಿಲ್ಲ, ಒಳಗಿನ ಕಾವು ಮತ್ತೆ ಮೇಲೆ ಬಂದು ಹದ ಕೆಡಿಸುತ್ತದೆ, ಅದಕ್ಕೇ ಮೇಲ್ಮೈ ಮೇಲೆ ಬಹಳ ಹೊತ್ತು ಧಾರಾಕಾರ ನೀರು ಬೀಳಿಸುತ್ತಿದ್ದರು.

ಗ್ರೈಂಡರ್ ಬೇಡ ಎಂದು ನಾನು ಗೋಗರೆಯುವುದು ಈ ಕಾರಣಕ್ಕೂ ಹೌದು. ಆ ಉಕ್ಕಿನ ಹಲಗೆ ಅರ್ಧ ಇಂಚಿನ ಆಸುಪಾಸು ಇರುತ್ತದೆ. ಅದರಲ್ಲಿ ಎಷ್ಟು ಸವೆದಿದೆಯೋ. ನೀವು ಚೊಕ್ಕ ಮಾಡಲು ಹೋಗಿ ಇನ್ನೆರಡು ಮಿಲಿಮೀಟರ್ ತೆಗೆದರೆ ಆ ಎರಡು ಮಿಲಿಮೀಟರ್ ವಾಪಸ್ ಬರುವುದಿಲ್ಲ. ನಡುವೆ ಸ್ವಲ್ಪ ತಗ್ಗಾಗಿದ್ದರೆ ಇರಲಿ ಬಿಡಿ, ಸೊಟ್ಟಗಾದ ಸರಳು ನೆಟ್ಟಗೆ ಮಾಡಲು ಕಮ್ಮಾರರು ಆ ತಗ್ಗನ್ನೇ ಹುಡುಕುತ್ತಾರೆ. ಅಂಚು ಉದುರಿದ ಕಡೆ ವೆಲ್ಡಿಂಗ್ ಮಾಡಿ ತುಂಬುತ್ತೇವೆ ಎನ್ನುವವರೂ ಬರುತ್ತಾರೆ. ಆ ಶಾಖಕ್ಕೆ ಸುತ್ತಲಿನ ಹದ ಇಳಿಯುತ್ತದೆ. ತುಕ್ಕು ಸುಡಲು ಬೆಂಕಿಗೆ ಹಾಕುವುದಂತೂ ಬೇಡವೇ ಬೇಡ.

ಇನ್ನು ಎಂ, ಎಸ್, ಎಂ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಈ ಮೂರು ಅಕ್ಷರ. ಮಾಡಿದವರ ಗುರುತು ಬೇರೆ, ಇಟ್ಟುಕೊಂಡವರ ಗುರುತು ಬೇರೆ. ಮಾಡಿದವರು ಕಾರ್ಖಾನೆಯಲ್ಲೇ ಅಚ್ಚು ಹಿಡಿದು ಒತ್ತುತ್ತಾರೆ, ಅಕ್ಷರ ಸಾಲಾಗಿ ಒಂದೇ ಅಳತೆಗೆ ಇರುತ್ತದೆ. ಇಟ್ಟುಕೊಂಡವರು ಆಮೇಲೆ ತಣ್ಣಗಿನ ಕಬ್ಬಿಣಕ್ಕೆ ಉಳಿ ಇಟ್ಟು ಹೊಡೆಯುತ್ತಾರೆ, ನೀವು ಬರೆದ ಹಾಗೆ ಸೊಟ್ಟಪಟ್ಟ ಇರುತ್ತದೆ. ಹುಬ್ಬಳ್ಳಿಯಿಂದ ಬಂದದ್ದು ಅಂದಿರಿ, ಹಾಗಾದರೆ ಇದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಗುರುತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯವರ ಕೈಯಲ್ಲಿ ಶುರುವಾಯಿತು. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಸೇರಿತು, ಆಗ ಬಂದದ್ದು ಎಂ. ಎಸ್. ಎಂ. ಎಂಬ ಹೆಸರು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಕರಗಿತು. ಅಂದರೆ ಆ ಮೂರು ಅಕ್ಷರವನ್ನು ಹೊಡೆದದ್ದು 1908ರಿಂದ 1951ರ ನಡುವೆ. ಅಡಗಲ್ಲು ಅದಕ್ಕಿಂತ ಹಳೆಯದೂ ಆಗಿರಬಹುದು, ಗುರುತು ಹೊಡೆಯುವ ದಿನ ಅದು ಹೊಸದಾಗಿಯೇ ಇರಬೇಕೆಂದಿಲ್ಲ.

ವಯಸ್ಸನ್ನು ಇನ್ನೂ ಹತ್ತಿರ ತರಲು ಒಂದು ಕೆಲಸ ಮಾಡಿ. ಬಳೆಯ ಸುತ್ತಮುತ್ತ ‘ಇಂಗ್ಲೆಂಡ್’ ಎಂಬ ಪದ ಇದೆಯಾ ಹುಡುಕಿ. ಅಮೆರಿಕ 1890ರಲ್ಲಿ ಒಂದು ಸುಂಕದ ಕಾನೂನು ತಂದು, ಹೊರಗಿನಿಂದ ಬರುವ ಸಾಮಾನಿನ ಮೇಲೆ ಅದು ಹುಟ್ಟಿದ ದೇಶದ ಹೆಸರು ಇರಲೇಬೇಕು ಅಂದಿತು. ಡಡ್ಲಿಯವರಿಗೆ ಅಮೆರಿಕ ದೊಡ್ಡ ಮಾರುಕಟ್ಟೆ. ಹಾಗಾಗಿ ದೇಶದ ಹೆಸರು ಇದ್ದರೆ ಆ ಕಾನೂನಿನ ಆಮೇಲಿನದು ಎಂದು ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಮಾತ್ರ ಅದಕ್ಕಿಂತ ಹಿಂದಿನದು ಎಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ, ನಮ್ಮ ಕಡೆಗೆ ಬಂದ ಸಾಮಾನಿಗೆ ಅಮೆರಿಕದ ಕಾನೂನು ಯಾಕೆ ಅಲ್ವಾ? ಎಲ್ಲ ಸೇರಿಸಿ ನೋಡಿದರೆ ನಿಮ್ಮದು 19ನೇ ಶತಮಾನದ ಕೊನೆ ಅಥವಾ 20ನೇ ಶತಮಾನದ ಮೊದಲ ಭಾಗದ್ದು.

ಅಕ್ಷರ ಓದುವುದು ಹೀಗೆ. ನಾರಿನ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ, ಒಂದು ಮಧ್ಯಾಹ್ನದ ತಾಳ್ಮೆ. ಮಣ್ಣು, ಸಡಿಲ ತುಕ್ಕು ಹೋಗಲಿ, ಕಪ್ಪು ಬಣ್ಣ ಹಾಗೇ ಇರಲಿ. ಒಣಗಿದ ಮೇಲೆ ರಾತ್ರಿ ಹೊತ್ತು, ಬೇರೆ ದೀಪ ಎಲ್ಲ ಆರಿಸಿ, ಟಾರ್ಚನ್ನು ಅಡಗಲ್ಲಿನ ಮೈಗೆ ಒರಗಿಸಿ ಪಕ್ಕದಿಂದ ಬಿಡಿ. ಹಗಲಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ನಿಲ್ಲುತ್ತದೆ. ಒಂದು ಸಲ ಎಡದಿಂದ, ಒಂದು ಸಲ ಮೇಲಿಂದ, ಹೀಗೆ ಬೆಳಕು ಬದಲಿಸಿ ಫೋಟೋ ತೆಗೆಯಿರಿ. ಸೀಮೆಸುಣ್ಣದ ಪುಡಿ ಸವರಿ ಮೇಲಿನದನ್ನು ಅಂಗೈಯಿಂದ ಒರೆಸಿದರೆ ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೂ ಆಗುತ್ತದೆ, ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ, ಹಾಗೆ. ಕಲ್ಲಿನ ಶಾಸನ ಓದುವವರು ಒದ್ದೆ ಕಾಗದ, ಮಸಿ ಹಿಡಿದು ಪಡಿಯಚ್ಚು ತೆಗೆಯುವುದೂ ಇದೇ ಉಪಾಯ.

ಅದು ಇನ್ನೂ ಕೆಲಸಕ್ಕೆ ಬರುತ್ತಾ ಎಂದು ನೋಡಲು ಲಾರಿಯ ಹಳೆ ಬೇರಿಂಗಿನ ಒಂದು ಗುಂಡು ಸಾಕು. ಒಂದು ಗೇಣು ಎತ್ತರದಿಂದ ಮೇಲ್ಮೈಗೆ ಬಿಡಿ. ಮುಕ್ಕಾಲು ಗೇಣು ಪುಟಿದರೆ ಉಕ್ಕು ಚೆನ್ನಾಗಿದೆ. ಒಂದೇ ಜಾಗದಲ್ಲಲ್ಲ, ಇಡೀ ಮೇಲ್ಮೈಯಲ್ಲಿ ಮೊಳಕ್ಕೊಂದು ಸಲ ಅನ್ನದೆ ಬೆರಳಿಗೊಂದು ಸಲ ಬಿಟ್ಟು ನೋಡಿ. ಎಲ್ಲೋ ಒಂದು ಕಡೆ ಗುಂಡು ಸೋತು ಬಿದ್ದರೆ, ಸುತ್ತಿಗೆಯ ಸದ್ದೂ ಅಲ್ಲಿ ಮೊಂಡಾಗಿದ್ದರೆ, ಕೆಳಗೆ ಬೆಸುಗೆ ಬಿಟ್ಟಿದೆ ಎಂದರ್ಥ. ಸರಿ ಇರುವ ಜಾಗದಲ್ಲಿ ಗುಡಿಯ ಗಂಟೆ ಹಾಗೆ ಕೇಳಿಸುತ್ತದೆ.

ಗುಜರಿಗೆ ಕೊಡುವ ವಿಚಾರ. ಕಬ್ಬಿಣದ ರೇಟಿಗೆ ಅಂತೂ ಕೊಡಬೇಡಿ. ಇಂಗ್ಲೆಂಡ್, ಅಮೆರಿಕದಲ್ಲಿ ಇದೇ ಹೆಸರಿನ ಅಡಗಲ್ಲನ್ನು ಕಮ್ಮಾರಿಕೆ ಕಲಿಯುವವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ, ಗುಜರಿ ಬೆಲೆಗೂ ಅದಕ್ಕೂ ಸಂಬಂಧವೇ ಇಲ್ಲ. ಮಾರಲೇಬೇಕು ಅಂದರೆ ಇನ್ನೂ ಕುಲುಮೆ ಹಾಕುವ ಕೈಗೆ ಕೊಡಿ. ನನ್ನ ಮನಸ್ಸು ಕೇಳಿದರೆ, ಬಿಸಿಲಲ್ಲಿ ಒಂದು ದಿನ ಕಾಯಿಸಿ, ಅಗಸೆ ಎಣ್ಣೆ ತೆಳ್ಳಗೆ ಸವರಿ, ಜಾಲಿ ಕೊರಡಿನ ಮೇಲೆ ಪಡಸಾಲೆಯಲ್ಲಿ ಇಡಿ. ನಿಂತು ಕೈ ಇಳಿಬಿಟ್ಟರೆ ಮುಷ್ಟಿಯ ಗೆಣ್ಣು ತಾಕುವಷ್ಟು ಎತ್ತರ ಇರಲಿ, ನಾಳೆ ಮೊಮ್ಮಗನಿಗೆ ಸುತ್ತಿಗೆ ಹಿಡಿಯುವ ಮನಸ್ಸಾದರೆ ಬೆನ್ನು ನೋಯುವುದಿಲ್ಲ.

ಪ್ರಶ್ನೆ: ನಾವು ಚಿಂತಾಮಣಿ ಕಡೆಯವರು. ನಮ್ಮ ಮನೆಯ ದಾಗಲಿಗೆ ಕೊಂಬೂ ಇಲ್ಲ, ಅಕ್ಷರವೂ ಇಲ್ಲ. ಬರೀ ಚೌಕ ಕಬ್ಬಿಣ, ಮರದ ದಿಮ್ಮಿಗೆ ಹೂತಿದೆ. ಪಕ್ಕದಲ್ಲಿ ರೈಲು ಹಳಿಯ ಒಂದು ತುಂಡೂ ಇದೆ, ಅದರ ಮೇಲೂ ಬಡಿಯುತ್ತಿದ್ದರು. ಇವಕ್ಕೂ ಊರು ಹೇಳಲು ಆಗುತ್ತದಾ?

ಉತ್ತರ: ದಾಗಲಿ ಅಂದಿರಿ, ತೆಲುಗಿನ ಗಡಿ ಅಲ್ಲಿಗೇ ಕಂಡುಬಿಟ್ಟಿತು! ಕನ್ನಡದಲ್ಲಿ ಅಡೆ, ಅಡೆಗಲ್ಲು, ಅಡಗಲ್ಲು, ತಮಿಳಿನಲ್ಲಿ ಅಡೈಕಲ್. ತೆಲುಗಿನ ದಾಗಲಿಯೂ ಇದೇ ಬಳಗದ ಮಾತು. ಮೇಲೆ ಮರಾಠಿ ಸೀಮೆಗೆ ಹೋದರೆ ಐರಣ. ನಮ್ಮ ಹೆಸರುಗಳಲ್ಲಿ ಕಲ್ಲು ಹಾಗೇ ಕೂತಿದೆ, ಸಾಮಾನು ಕಬ್ಬಿಣದ್ದಾದರೂ.

ಕೊಂಬಿಲ್ಲದ ಚೌಕ ಅಡಗಲ್ಲು ನಮ್ಮ ಹಳ್ಳಿಯ ಕುಲುಮೆಗೆ ಹೇಳಿ ಮಾಡಿಸಿದ್ದು. ನಮ್ಮ ಕಮ್ಮಾರರು ಬಹಳ ಕಡೆ ಕೂತು ಕೆಲಸ ಮಾಡುತ್ತಿದ್ದರು, ಹಾಗಾಗಿ ನೆಲಕ್ಕೆ ಹತ್ತಿರ ಬೇಕು. ಅದಕ್ಕೆ ಕಂಪನಿಯ ಅಚ್ಚು ಇರುವುದಿಲ್ಲ. ಮನೆಯ ಹಿರಿಯರ ನೆನಪೇ ಅದರ ವಿಳಾಸ, ಈಗಲೇ ಕೇಳಿ ಬರೆದಿಡಿ.

ಆದರೆ ಆ ಹಳಿಯ ತುಂಡನ್ನು ಬಿಡಬೇಡಿ. ನಿಜ ಹೇಳಬೇಕೆಂದರೆ ಹೆಸರಿರುವ ಅಡಗಲ್ಲಿಗಿಂತ ಹಳಿಯ ವಯಸ್ಸು ಹೇಳುವುದು ಸುಲಭ. ಹಳಿಯ ಮೇಲಿನ ತಲೆಗೂ ಕೆಳಗಿನ ಪಾದಕ್ಕೂ ನಡುವೆ ತೆಳ್ಳಗಿನ ಹೊಟ್ಟೆ ಇದೆಯಲ್ಲ, ಅದರ ಮೇಲೆ ಉಬ್ಬು ಅಕ್ಷರ ಇರುತ್ತದೆ. ಹಳಿ ಉರುಳೆಯಲ್ಲಿ ಬರುವಾಗಲೇ ಅದು ಮೂಡುತ್ತದೆ. ಮಾಡಿದವರ ಹೆಸರು, ಇಸವಿ, ಎಷ್ಟೋ ಸಲ ತಿಂಗಳು, ಒಂದು ಗಜಕ್ಕೆ ಎಷ್ಟು ಪೌಂಡು ಎನ್ನುವುದು, ಕೆಲವೊಮ್ಮೆ ತರಿಸಿಕೊಂಡ ರೈಲ್ವೆ ಕಂಪನಿಯ ಮೊದಲಕ್ಷರಗಳೂ. ಇಂಗ್ಲೆಂಡಿನ ಬ್ಯಾರೋ, ಶೆಫೀಲ್ಡಿನ ಕ್ಯಾಮೆಲ್ ಹೆಸರಿನ ಹಳಿಗಳಿವೆ. ಟಾಟಾ ಎಂದಿದ್ದರೆ 1912ರ ಈಚಿನದು, ಅವರ ಕಾರ್ಖಾನೆಯಲ್ಲಿ ಮೊದಲ ಉಕ್ಕು ಬಂದದ್ದು ಆ ವರ್ಷ. ಬಡಿಯುವ ತುಂಡಾದ್ದರಿಂದ ತಲೆ ನಜ್ಜುಗುಜ್ಜಾಗಿರುತ್ತದೆ, ಹೊಟ್ಟೆಗೆ ಏಟು ಬಿದ್ದಿರುವುದಿಲ್ಲ. ತುಂಡು ಚಿಕ್ಕದಾದರೆ ಬರಹದ ಅರ್ಧವೇ ಸಿಗಬಹುದು, ಅದೃಷ್ಟವಿದ್ದರೆ ಇಸವಿಯ ಅರ್ಧ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿರುವ ಕನ್ನಡಿಗ. ಹವ್ಯಾಸಕ್ಕೆ ಒಂದು ಹಳೆಯ ಅಡಗಲ್ಲು ಕೊಂಡೆ. ಪಕ್ಕದಲ್ಲಿ ಹದ್ದಿನ ಉಬ್ಬು ಚಿತ್ರ, ಪಾದದ ಮೇಲೆ 15 ಎಂಬ ಅಂಕಿ. ಸುತ್ತಿಗೆಯಿಂದ ಹೊಡೆದರೆ ನಾದವೇ ಇಲ್ಲ, ದಪ್ ಅನ್ನುತ್ತದೆ. ಒಡೆದಿರುವುದನ್ನು ಕೊಟ್ಟು ಮೋಸ ಮಾಡಿದರಾ?

ಉತ್ತರ: ಮೋಸ ಆಗಿಲ್ಲ. ಅದು ನಿಮ್ಮ ಪಕ್ಕದ ಟ್ರೆಂಟನ್‌ನಲ್ಲೇ ಹುಟ್ಟಿದ್ದು, ಫಿಷರ್ ಅಂಡ್ ನಾರಿಸ್ ಕಂಪನಿಯ ಅಡಗಲ್ಲು. 1840ರ ದಶಕದಲ್ಲಿ ಶುರುವಾದ ಮನೆತನ. ಹದ್ದಿನ ಕಾಲಲ್ಲಿ ಲಂಗರು ಇದೆಯಾ ನೋಡಿ. ಇದು ಬಡಿದು ಮಾಡಿದ್ದಲ್ಲ. ಅಚ್ಚಿನ ತಳದಲ್ಲಿ ಉಕ್ಕಿನ ಹಲಗೆಯನ್ನು ಕಾಯಿಸಿ ಇಟ್ಟು, ಅದರ ಮೇಲೆ ಕರಗಿದ ಬೀಡು ಕಬ್ಬಿಣ ಹೊಯ್ದು, ತಲೆಕೆಳಗಾಗಿಯೇ ಎರಕ ಮಾಡುತ್ತಿದ್ದರು. ಬೀಡು ಕಬ್ಬಿಣ ಸದ್ದನ್ನು ನುಂಗುತ್ತದೆ, ಅದಕ್ಕೇ ನಾದ ಇಲ್ಲ. ಮನೆಗಳ ನಡುವೆ ಕೆಲಸ ಮಾಡುವವರಿಗೆ ಅದೇ ಒಂದು ವರ. ನಾದ ಕೇಳಿ ಗುಣ ಹೇಳುವ ಪರೀಕ್ಷೆ ಇದಕ್ಕೆ ನಡೆಯುವುದಿಲ್ಲ, ಮೇಲೆ ಹೇಳಿದ ಗುಂಡಿನ ಪರೀಕ್ಷೆ ಮಾಡಿ. 15 ಅಂದರೆ 150 ಪೌಂಡು, ಅವರು ಹತ್ತರ ಲೆಕ್ಕದಲ್ಲಿ ತೂಕ ಹಾಕುತ್ತಿದ್ದರು. ಬಹಳಷ್ಟು ಅಡಗಲ್ಲುಗಳ ಪಾದದಲ್ಲಿ ಎರಕದ ಇಸವಿಯೂ ಇರುತ್ತದೆ, ಹಳೆಯ ಬಣ್ಣದ ಪದರದ ಕೆಳಗೆ ಅಡಗಿರಬಹುದು. ಆ ಬಣ್ಣವನ್ನೂ ನಿಧಾನವಾಗಿ ಬ್ರಷ್ಷಿನಿಂದಲೇ ತೆಗೆಯಿರಿ.